ಒಬ್ಬರಿಗೇನು ಅಡುಗೆ ಅನ್ನಬೇಡಿ

ಧಾರವಾಡದ ಸಪ್ತಾಪುರದಲ್ಲಿ ಸಂಜೆಯ ಕೋಚಿಂಗ್ ತರಗತಿಗಳು ಬಿಡುವ ಹೊತ್ತಿಗೆ ರಸ್ತೆ ಬದಿಯ ಗಾಡಿಗಳಲ್ಲಿ ಒಲೆ ಹೊತ್ತಿರುತ್ತದೆ. ಎಗ್‌ರೈಸ್, ಗೋಬಿ ಮಂಚೂರಿ, ಮಿರ್ಚಿ ಭಜಿ. ಬೆಂಗಳೂರಿನ ವಿಜಯನಗರ, ಚಂದ್ರಾ ಲೇಔಟ್ ಕಡೆ ಹೋದರೂ ಇದೇ ನೋಟ. ಕೆಪಿಎಸ್‌ಸಿ, ಪಿಎಸ್‌ಐ, ಎಫ್‌ಡಿಎ, ಬ್ಯಾಂಕ್ ಹೀಗೆ ಯಾವ ಪರೀಕ್ಷೆಗೆ ಓದುತ್ತಿದ್ದರೂ ರಾತ್ರಿ ಊಟದ ಪ್ರಶ್ನೆ ಬಂದಾಗ ಎಲ್ಲರ ಬಾಯಲ್ಲೂ ಒಂದೇ ಉತ್ತರ: ‘ಒಬ್ಬಂವಗ ಏನ್ ಅಡಗಿ ಮಾಡೂದು, ಬಿಡಪಾ!’

ಇದು ಬರೀ ಹುಡುಗರ ಮಾತಲ್ಲ. ಊರಲ್ಲಿ ಹಬ್ಬಕ್ಕೆ ಹದಿನೈದು ಮಂದಿಗೆ ರೊಟ್ಟಿ ಬಡಿದು ಬಂದ ಹುಡುಗಿಯೂ ರೂಮಿನಲ್ಲಿ ತನ್ನೊಬ್ಬಳ ಪಾಲಿಗೆ ಬಂದಾಗ ಚಹಾ, ಬಿಸ್ಕತ್ತಿನಲ್ಲಿ ರಾತ್ರಿ ಮುಗಿಸಿಬಿಡುತ್ತಾಳೆ. ನಮ್ಮ ಮನೆಗಳಲ್ಲಿ ಅಡುಗೆ ಎಂದರೆ ಯಾವಾಗಲೂ ಇನ್ನೊಬ್ಬರಿಗೆ ಬಡಿಸುವ ಕೆಲಸ. ಎದುರಿಗೆ ತಟ್ಟೆ ಹಿಡಿದು ಕೂತವರು ಯಾರೂ ಇಲ್ಲದಿದ್ದರೆ ಒಲೆ ಹಚ್ಚುವುದೇ ದಂಡ ಅನಿಸುತ್ತದೆ. ಇದಕ್ಕೆ ಜೊತೆಯಾಗಿ ಇನ್ನೊಂದು ಸಮಾಧಾನವೂ ಇದೆ: ‘ಮೊದಲು ನೌಕರಿ ಸಿಗಲಿ, ಆಮೇಲೆ ಚೆನ್ನಾಗಿ ತಿಂದರಾಯಿತು’.

ಆದರೆ ಆ ‘ಆಮೇಲೆ’ ಬರಲು ಮೂರು ವರ್ಷವೂ ಆಗಬಹುದು, ಐದು ವರ್ಷವೂ ಆಗಬಹುದು. ದೇಹ ಅಷ್ಟು ದಿನ ಕಾಯುವುದಿಲ್ಲ. ಮೂಳೆಗಳು ತಮ್ಮ ಪೂರ್ತಿ ಗಟ್ಟಿತನ ಪಡೆಯುವುದು ಹೆಚ್ಚುಕಡಿಮೆ ಮೂವತ್ತರೊಳಗೆ. ಅಂದರೆ ನಾವು ರೂಮು ಮಾಡಿಕೊಂಡು ಓದುವ ಇದೇ ವರ್ಷಗಳಲ್ಲಿ. ಪೊಲೀಸ್ ಹುದ್ದೆಗೆ ಓದುವ ಹುಡುಗರು 1600 ಮೀಟರ್ ಓಟವನ್ನೂ ಓಡಬೇಕು; ಬನ್ನು, ಚಹಾದ ಮೇಲೆ ಆ ಓಟ ಸಾಗುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಮಧ್ಯಾಹ್ನದ ತರಗತಿಯಲ್ಲಿ ತಲೆ ತೂಗುವುದಕ್ಕೆ, ಓದಿದ್ದು ನೆನಪಿಗೆ ಹತ್ತದಿರುವುದಕ್ಕೆ ನಾವು ಸೋಮಾರಿತನವನ್ನು ಬೈದುಕೊಳ್ಳುತ್ತೇವೆ. ಎಷ್ಟೋ ಸಲ ಕಾರಣ ತಟ್ಟೆಯಲ್ಲಿರುತ್ತದೆ.

ಒಬ್ಬರಿಗಾಗಿ ಅಡುಗೆ ಮಾಡುವುದು ಕಷ್ಟ ಎನ್ನುವುದು ಅರ್ಧ ನಿಜ. ಆದರೆ ಕಷ್ಟ ಇರುವುದು ಒಲೆಯ ಮುಂದಲ್ಲ, ಅಂಗಡಿಯಲ್ಲಿ. ನಾಲ್ಕು ಮಂದಿಯ ಮನೆಯ ಚೀಟಿ ಹಿಡಿದು ಒಬ್ಬರಿಗೆ ಸಾಮಾನು ತರುತ್ತೇವೆ. ಸೊಪ್ಪು ಕೊಳೆಯುತ್ತದೆ, ಹಿಟ್ಟಿಗೆ ಹುಳು ಬೀಳುತ್ತದೆ, ಮಾಡಿದ ಸಾರು ಹಳಸುತ್ತದೆ. ಎರಡು ವಾರಕ್ಕೆ ಬೇಸರ ಬಂದು ಕುಕ್ಕರ್ ಮಂಚದ ಕೆಳಗೆ ಸೇರುತ್ತದೆ. ಆದ್ದರಿಂದ ಮೊದಲು ಕಲಿಯಬೇಕಾದದ್ದು ಪ್ರಮಾಣದ ಲೆಕ್ಕ.

ತಟ್ಟೆಯ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಹೊಸ ಆಹಾರ ಮಾರ್ಗಸೂಚಿ ಹೊರಡಿಸಿತು. ದಿನಕ್ಕೆ 2,000 ಕಿಲೊ ಕ್ಯಾಲೊರಿ ಬೇಕಾಗುವ ಒಬ್ಬ ವ್ಯಕ್ತಿಗೆ ಅದು ಹೇಳುವ ಅಳತೆ ಇದು: ಅಕ್ಕಿ, ಜೋಳ, ಗೋಧಿಯಂಥ ಧಾನ್ಯ 250 ಗ್ರಾಂ, ತರಕಾರಿ, ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆ, ಕಾಳು, ಮೊಟ್ಟೆ, ಮಾಂಸ ಸೇರಿ 85 ಗ್ರಾಂ, ಶೇಂಗಾ, ಎಳ್ಳಿನಂಥ ಎಣ್ಣೆಕಾಳು 35 ಗ್ರಾಂ, ಹಾಲು ಅಥವಾ ಮೊಸರು 300 ಮಿ.ಲೀ.; ಎಣ್ಣೆ 27 ಗ್ರಾಂ.

ಒಮ್ಮೆ ನಿಮ್ಮ ನಿನ್ನೆಯ ಊಟವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಧಾನ್ಯಕ್ಕಿಂತ ತರಕಾರಿಯ ತೂಕ ಹೆಚ್ಚಿರಬೇಕು ಎನ್ನುತ್ತದೆ ಮಾರ್ಗಸೂಚಿ. ನಮ್ಮಲ್ಲಿ ಬಹುತೇಕರ ತಟ್ಟೆಯಲ್ಲಿ ಅನ್ನದ ಗುಡ್ಡ, ಅದರ ಬದಿಗೆ ಒಂದು ಚಮಚ ಪಲ್ಯ. ಹೊಟ್ಟೆ ತುಂಬುತ್ತದೆ, ಎರಡು ತಾಸಿಗೆ ಮತ್ತೆ ಹಸಿವಾಗುತ್ತದೆ.

ಇದೇ ಅಂಕಿಗಳನ್ನು ಮೂವತ್ತರಿಂದ ಗುಣಿಸಿದರೆ ತಿಂಗಳ ಚೀಟಿ ಸಿದ್ಧ. ಎಣ್ಣೆ ದಿನಕ್ಕೆ 27 ಗ್ರಾಂ ಎಂದರೆ ತಿಂಗಳಿಗೆ 810 ಗ್ರಾಂ, ಅಂದರೆ ಒಂದು ಲೀಟರಿನೊಳಗೆ. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಲೆಕ್ಕದಲ್ಲಿ ಒಂದು ಕೆ.ಜಿ. ಉಪ್ಪಿನ ಪೊಟ್ಟಣ ಒಬ್ಬರಿಗೆ 200 ದಿನ ಬರಬೇಕು! ಎರಡೇ ತಿಂಗಳಲ್ಲಿ ಖಾಲಿಯಾಗಿದ್ದರೆ ಕೈ ಸ್ವಲ್ಪ ಹಿಡಿಯಬೇಕು. ಧಾನ್ಯ ಏಳೂವರೆ ಕೆ.ಜಿ. ಆಗುತ್ತದೆ; ಒಂದು ಹೊತ್ತು ಹೊರಗೆ ಉಣ್ಣುವವರಿಗೆ ಅದರ ಅರ್ಧ ಸಾಕು.

ಕೆಡದಿದ್ದು ತಿಂಗಳಿಗೆ, ಕೆಡುವುದು ಮೂರು ದಿನಕ್ಕೆ

ಫ್ರಿಜ್ ಇಲ್ಲದ ರೂಮಿನಲ್ಲಿ ಸಾಮಾನು ತರಲು ಇದೊಂದೇ ಸೂತ್ರ ಸಾಕು. ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ಮಡಕೆ ಕಾಳು, ಕಡಲೆ ಹಿಟ್ಟು, ಅವಲಕ್ಕಿ, ಶೇಂಗಾ, ಬೆಲ್ಲ, ಒಗ್ಗರಣೆ ಸಾಮಾನು ಇವೆಲ್ಲ ತಿಂಗಳಿಗೊಮ್ಮೆ. ಅದೂ ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ಅರ್ಧ ಕಿಲೊ, ಪಾವ ಕಿಲೊ ತನ್ನಿ. ಸೂಪರ್ ಮಾರ್ಕೆಟ್‌ನಲ್ಲಿ ಐದು ಕೆ.ಜಿ. ಹಿಟ್ಟಿಗೆ ರಿಯಾಯಿತಿ ಇರಬಹುದು. ಅರ್ಧಕ್ಕೆ ಹುಳು ಬಿದ್ದರೆ ಆ ರಿಯಾಯಿತಿ ನಮಗೆ ದುಬಾರಿಯೇ.

ತರಕಾರಿ, ಸೊಪ್ಪು, ಹಣ್ಣು, ಮೊಟ್ಟೆ ಮೂರು ದಿನಕ್ಕೊಮ್ಮೆ. ದಿನಕ್ಕೆ 400 ಗ್ರಾಂ ಎಂದರೆ ಮೂರು ದಿನಕ್ಕೆ 1,200 ಗ್ರಾಂ, ಒಂದು ಸಣ್ಣ ಕೈಚೀಲದ ಭಾರ. ತಂದದ್ದನ್ನು ಅಡುಗೆ ಮಾಡುವುದಕ್ಕೂ ಒಂದು ಸರದಿ ಇದೆ. ಮೊದಲ ದಿನ ಸೊಪ್ಪು. ಎರಡನೇ ದಿನ ಟೊಮೆಟೊ, ಬದನೆ, ಬೆಂಡೆ. ಮೂರನೇ ದಿನ ಗಜ್ಜರಿ, ಬೀಟ್‌ರೂಟ್, ಎಲೆಕೋಸು. ಬೇಗ ಬಾಡುವುದನ್ನು ಬೇಗ ಮುಗಿಸಿದರೆ ಬಿಸಾಡುವ ಪ್ರಶ್ನೆಯೇ ಬರುವುದಿಲ್ಲ. ಆಲೂಗಡ್ಡೆಯನ್ನು ಮಾತ್ರ ತರಕಾರಿ ಲೆಕ್ಕಕ್ಕೆ ಹಿಡಿಯಬೇಡಿ. ಅದರಲ್ಲಿರುವುದು ಹೆಚ್ಚಾಗಿ ಪಿಷ್ಟ, ಅನ್ನದ ಜೊತೆ ಸೇರಿಸಬೇಕಾದದ್ದು.

ಸಂತೆಯಲ್ಲಿ ‘ಅರ್ಧ ಸೂಡು ಮೆಂತ್ಯೆ ಕೊಡಬೇ ಯವ್ವಾ’ ಎಂದು ಕೇಳಿದರೆ, ‘ಹತ್ತ ರೂಪಾಯಿ ಸೂಡಿನ್ಯಾಗ ಅರ್ಧ ಹೆಂಗ್ ಕೊಡ್ಲೋ ತಮ್ಮಾ’ ಎಂದು ನಗುತ್ತಾರೆ. ಅದಕ್ಕೆ ಪಕ್ಕದ ರೂಮಿನವರನ್ನು ಜೊತೆಗೆ ಕರೆದುಕೊಂಡು ಹೋಗುವುದೇ ಸರಿಯಾದ ದಾರಿ. ಒಂದು ಎಲೆಕೋಸು ಇಬ್ಬರಿಗೆ, ಒಂದು ಸೂಡು ಸೊಪ್ಪು ಇಬ್ಬರಿಗೆ. ಅಡುಗೆ ಬೇರೆ ಬೇರೆಯಾದರೂ ಸಂತೆ ಒಟ್ಟಿಗೆ ಮಾಡಬಹುದು. ಸೀಸನ್ನಿನ ಹಣ್ಣನ್ನೇ ಕೊಳ್ಳಿ. ಪೇರಲ, ಬಾಳೆ, ಪಪ್ಪಾಯಿಗಳು ಸ್ಟಿಕ್ಕರ್ ಅಂಟಿಸಿಕೊಂಡು ಬಂದ ಸೇಬಿಗಿಂತ ಯಾವುದರಲ್ಲೂ ಕಡಿಮೆಯಿಲ್ಲ. ಪೇರಲದಲ್ಲಿ ವಿಟಮಿನ್ ‘ಸಿ’ ಕಿತ್ತಳೆಗಿಂತಲೂ ಹೆಚ್ಚು. ಬೆಂಗಳೂರಿನಲ್ಲಿರುವವರಿಗೆ ಹಾಪ್‌ಕಾಮ್ಸ್ ಮಳಿಗೆಗಳಿವೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಈ ಸಂಸ್ಥೆಯ ಮಳಿಗೆಯಲ್ಲಿ ದರ ಫಲಕದ ಮೇಲೆಯೇ ಬರೆದಿರುತ್ತದೆ, ಪಾವ ಕಿಲೊ ಕೇಳಿದರೂ ತೂಗಿ ಕೊಡುತ್ತಾರೆ.

ಮೊಟ್ಟೆ ಒಮ್ಮೆಗೆ ಆರು ಸಾಕು. ಹಳೆಯದೋ ಹೊಸದೋ ಎಂಬ ಅನುಮಾನವಿದ್ದರೆ ನೀರಿಗೆ ಹಾಕಿ ನೋಡಿ. ತಾಜಾ ಮೊಟ್ಟೆ ತಳ ಸೇರುತ್ತದೆ, ತೇಲಿದ್ದನ್ನು ಬಿಡುವುದು ಲೇಸು. ಮೊಸರು 200 ಗ್ರಾಂ ಪೊಟ್ಟಣ ತಂದು ಅಂದೇ ಮುಗಿಸಿ.

ಪ್ರೋಟೀನ್ ಡಬ್ಬಿಯಲ್ಲಿಲ್ಲ

ಜಿಮ್ಮಿಗೆ ಹೋಗುವವರು, ದೈಹಿಕ ಪರೀಕ್ಷೆಗೆ ತಯಾರಾಗುವವರು ಮೊದಲು ಖರ್ಚು ಮಾಡುವುದು ಪ್ರೋಟೀನ್ ಪುಡಿಯ ಮೇಲೆ. ಅದಕ್ಕೂ ಮುಂಚೆ ಕಿರಾಣಿ ಅಂಗಡಿಯ ಚೀಲಗಳ ಕಡೆ ಒಮ್ಮೆ ನೋಡಬಹುದು. 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಶೇಂಗಾದಲ್ಲಿ ಸುಮಾರು 25 ಗ್ರಾಂ, ಸೋಯಾ ಚಂಕ್ಸ್‌ನಲ್ಲಿ ಸುಮಾರು 50 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಅಕ್ಕಿಯಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಮೈನೊ ಆಮ್ಲ ಬೇಳೆಯಲ್ಲಿ ಹೆಚ್ಚಿದೆ. ಬೇಳೆಯಲ್ಲಿ ಕಡಿಮೆ ಇರುವ ಮೆಥಿಯೊನಿನ್ ಅಕ್ಕಿಯಲ್ಲಿದೆ. ಹಾಗಾಗಿ ಎರಡನ್ನೂ ಕೂಡಿಸಿ ತಿಂದಾಗ ಪ್ರೋಟೀನ್ ಪೂರ್ಣವಾಗುತ್ತದೆ. ಅನ್ನ–ಸಾರು, ರೊಟ್ಟಿ–ಕಾಳುಪಲ್ಯ, ಇಡ್ಲಿ–ಸಾಂಬಾರ್ ಜೋಡಿಗಳ ಹಿಂದಿರುವುದು ಇದೇ ಲೆಕ್ಕ.

ಕ್ಯಾಲ್ಸಿಯಂಗೆ ಹಾಲು, ಮೊಸರಿನ ಜೊತೆ ರಾಗಿ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ. ಬೆಳಿಗ್ಗೆ ಒಂದು ಲೋಟ ರಾಗಿ ಅಂಬಲಿಗೆ ಮಜ್ಜಿಗೆ ಸೇರಿಸಿ ಕುಡಿದು ಹೊರಟರೆ ಹನ್ನೊಂದರ ತನಕ ಹಸಿವು ಸುಳಿಯುವುದಿಲ್ಲ. ಕಬ್ಬಿಣದ ಅಂಶಕ್ಕೆ ಸೊಪ್ಪು, ಕಾಳು. ಅವುಗಳ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ದೇಹ ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಅದೇ ಕಬ್ಬಿಣ ದೇಹಕ್ಕೆ ಹತ್ತುವುದು ಕಡಿಮೆಯಾಗುತ್ತದೆ. ಚಹಾ ಬಿಡಬೇಕಿಲ್ಲ, ಒಂದು ತಾಸು ಮುಂದಕ್ಕೆ ಹಾಕಿದರೆ ಸಾಕು.

ಪೊಟ್ಟಣದ ಹಿಂಬದಿ ಓದಿ

ದಿನಕ್ಕೆ ಎಂಟು ತಾಸು ಓದುವ ನಾವು ಬಿಸ್ಕತ್ತಿನ ಪೊಟ್ಟಣದ ಹಿಂಬದಿಯ ನಾಲ್ಕು ಸಾಲು ಓದುವುದಿಲ್ಲ. ಮುಂಬದಿಯಲ್ಲಿರುವುದು ಜಾಹೀರಾತು, ಹಿಂಬದಿಯಲ್ಲಿರುವುದು ಮಾಹಿತಿ. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆ ಕ್ರಮದಲ್ಲಿ ಮುದ್ರಿಸಬೇಕೆಂಬುದು ನಿಯಮ. ಮುಂದೆ ‘ಮಲ್ಟಿಗ್ರೇನ್’ ಎಂದು ದಪ್ಪಕ್ಷರದಲ್ಲಿದ್ದು, ಹಿಂದೆ ಪಟ್ಟಿಯ ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ ಇದ್ದರೆ ಅದು ಮೈದಾ ಬಿಸ್ಕತ್ತೇ. ಎಂಆರ್‌ಪಿ ಪಕ್ಕದಲ್ಲಿ ಈಗ ಒಂದು ಗ್ರಾಮಿಗೆ ಎಷ್ಟು ಬೆಲೆ ಎಂಬುದನ್ನೂ ಮುದ್ರಿಸುತ್ತಾರೆ. ಎರಡು ಪೊಟ್ಟಣ ಹಿಡಿದು ಆ ಒಂದು ಅಂಕಿ ಹೋಲಿಸಿದರೆ ಯಾವುದು ನಿಜವಾಗಿ ಅಗ್ಗ ಎಂಬುದು ಅಲ್ಲೇ ತಿಳಿಯುತ್ತದೆ.

‘ಹೆಲ್ತ್ ಡ್ರಿಂಕ್’ ಎಂಬ ಹೆಸರಿಗೂ ಮರುಳಾಗಬೇಕಿಲ್ಲ. ನಮ್ಮ ಆಹಾರ ಸುರಕ್ಷತಾ ಕಾನೂನಿನಲ್ಲಿ ಅಂಥದೊಂದು ವರ್ಗದ ವ್ಯಾಖ್ಯಾನವೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಇಂಥ ಪಾನೀಯಗಳನ್ನು ಆ ವಿಭಾಗದಿಂದ ತೆಗೆಯುವಂತೆ ಆನ್‌ಲೈನ್ ಮಾರಾಟ ಕಂಪನಿಗಳಿಗೆ ಸೂಚಿಸಿತ್ತು. ಹಾಲಿಗೆ ಆ ಪುಡಿಯ ಬದಲು ಸ್ವಲ್ಪ ರಾಗಿ ಹುರಿಹಿಟ್ಟು, ಚೂರು ಬೆಲ್ಲ ಹಾಕಿದರೆ ರುಚಿಯೂ ಇದೆ, ದುಡ್ಡೂ ಉಳಿಯುತ್ತದೆ.

ಒಂದು ಕುಕ್ಕರ್, ನಾಲ್ಕು ಅಡುಗೆ

ಪರಿಕರ ಹೆಚ್ಚು ಬೇಡ. ಎರಡು ಅಥವಾ ಮೂರು ಲೀಟರಿನ ಕುಕ್ಕರ್, ಒಂದು ಬಾಣಲೆ, ಚಾಕು, ಒಂದು ಅಳತೆಯ ಲೋಟ ಸಾಕು. ಇಲ್ಲಿರುವ ನಾಲ್ಕು ಅಡುಗೆಗಳಲ್ಲಿ ಯಾವುದಕ್ಕೂ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುವುದಿಲ್ಲ.

ಹೆಸರುಬೇಳೆ ಖಿಚಡಿ: ಎರಡು ಮುಷ್ಟಿ ಅಕ್ಕಿ, ಒಂದು ಮುಷ್ಟಿ ಹೆಸರುಬೇಳೆ ತೊಳೆದುಕೊಳ್ಳಿ. ಕುಕ್ಕರಿನಲ್ಲೇ ಒಂದು ಚಮಚ ಎಣ್ಣೆಗೆ ಜೀರಿಗೆ, ಹಸಿಮೆಣಸಿನಕಾಯಿ, ಈರುಳ್ಳಿ ಹಾಕಿ. ಹೆಚ್ಚಿದ ಗಜ್ಜರಿ, ಬೀನ್ಸ್, ಟೊಮೆಟೊ ಎರಡು ಹಿಡಿ, ಚಿಟಿಕೆ ಅರಿಸಿನ, ಉಪ್ಪು. ಅಕ್ಕಿ ಬೇಳೆ ಸೇರಿದ ಅಳತೆಯ ನಾಲ್ಕು ಪಟ್ಟು ನೀರು. ಮೂರು ಸೀಟಿ. ಮೊಸರಿನ ಜೊತೆ ಒಂದು ಪೂರ್ತಿ ಊಟ. ಇವತ್ತಿನ ದರದಲ್ಲಿ ಲೆಕ್ಕ ಹಾಕಿದರೂ ಗಾಡಿಯ ಒಂದು ಪ್ಲೇಟ್ ಎಗ್‌ರೈಸ್‌ಗಿಂತ ಅಗ್ಗ.

ಮೊಳಕೆ ಮಡಕೆ ಪಲ್ಯ: ರಾತ್ರಿ ನೆನೆಹಾಕಿದ ಕಾಳನ್ನು ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ತರಗತಿಗೆ ಹೋಗಿ. ಸಂಜೆಗೆ ಮೊಳಕೆ ಇಣುಕಿರುತ್ತದೆ. ಸಾಸಿವೆ, ಬೆಳ್ಳುಳ್ಳಿ, ಈರುಳ್ಳಿಯ ಒಗ್ಗರಣೆಗೆ ಹಾಕಿ, ಸ್ವಲ್ಪ ನೀರು ಚಿಮುಕಿಸಿ ಮುಚ್ಚಿ ಬೇಯಿಸಿ. ಕೊನೆಗೆ ಖಾರಪುಡಿ, ಶೇಂಗಾ ಪುಡಿ, ನಿಂಬೆರಸ.

ಝುಣಕ: ಮನೆಯಲ್ಲಿ ತರಕಾರಿಯೇ ಇಲ್ಲದ ದಿನಕ್ಕೆ. ಒಂದು ಅಳತೆ ಕಡಲೆ ಹಿಟ್ಟನ್ನು ಎರಡೂವರೆ ಅಳತೆ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಈರುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆ ಕೆಂಪಗಾದ ಮೇಲೆ ಸುರಿದು ಕೈಬಿಡದೆ ತಿರುವಿ. ಗಟ್ಟಿಯಾದ ಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ ಮುಚ್ಚಿಡಿ.

ಸೊಪ್ಪಿನ ಬ್ಯಾಳಿ: ಒಂದು ಮುಷ್ಟಿ ತೊಗರಿಬೇಳೆ, ಅರ್ಧ ಸೂಡು ಮೆಂತ್ಯೆ ಅಥವಾ ಪಾಲಕ, ಒಂದು ಟೊಮೆಟೊ ಕುಕ್ಕರಿಗೆ ಹಾಕಿ ನಾಲ್ಕು ಸೀಟಿ. ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಅನ್ನಕ್ಕೂ ಆಯಿತು, ರೊಟ್ಟಿಗೂ ಆಯಿತು.

ಇವುಗಳ ಜೊತೆಗೆ ಒಲೆಯೇ ಬೇಡದ ಪಚಡಿ ಇರಲಿ. ಸೌತೆಕಾಯಿ, ಗಜ್ಜರಿ ಹೆಚ್ಚಿ ಶೇಂಗಾ ಪುಡಿ, ಉಪ್ಪು, ನಿಂಬೆರಸ ಬೆರೆಸಿದರೆ ತರಕಾರಿಯ ಲೆಕ್ಕವೂ ತುಂಬುತ್ತದೆ.

ರೊಟ್ಟಿ ಬಡಿಯಲು ಬರುವುದಿಲ್ಲವೇ?

ಬಡಿಯಬೇಕಿಲ್ಲ. ಉತ್ತರ ಕರ್ನಾಟಕದ ಕಡಕ್ ರೊಟ್ಟಿ ಹುಟ್ಟಿರುವುದೇ ಇಂಥವರಿಗಾಗಿ ಎನ್ನಬಹುದು. ಹೊಲಕ್ಕೆ, ದೂರದ ಪ್ರಯಾಣಕ್ಕೆ ಬುತ್ತಿ ಕಟ್ಟುವಾಗ ಕೆಡದಂಥದ್ದೇ ಕಟ್ಟುತ್ತಿದ್ದರು: ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಗಸಿ ಪುಡಿ. ಒಣ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಇರುತ್ತವೆ, ಫ್ರಿಜ್ ಬೇಕಿಲ್ಲ. ಜೋಳ, ಶೇಂಗಾ, ಅಗಸಿ ಮೂರೂ ಆ ಪೌಷ್ಟಿಕಾಂಶ ಪಟ್ಟಿಯಲ್ಲಿ ಇರುವಂಥವೇ. ಧಾರವಾಡ, ಹುಬ್ಬಳ್ಳಿಯ ಓಣಿ ಓಣಿಗಳಲ್ಲಿ ಮನೆಯಲ್ಲೇ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿದ್ದಾರೆ. ಹತ್ತು ರೊಟ್ಟಿ ತಂದಿಟ್ಟರೆ ಮೂರು ದಿನ ಪಲ್ಯವೊಂದನ್ನೇ ಮಾಡಿದರಾಯಿತು. ನಮಗೆ ಅಡುಗೆ ಅರ್ಧ ಮುಗಿಯಿತು, ಅವರಿಗೂ ನಾಲ್ಕು ಕಾಸಾಯಿತು.

ಖಾನಾವಳಿಯನ್ನೂ ಬಿಡಬೇಕೆಂದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಎರಡು ಹೊತ್ತು ಅಡುಗೆ ಮಾಡುವುದು ಆಗದ ಮಾತು. ಮಧ್ಯಾಹ್ನ ಖಾನಾವಳಿ, ರಾತ್ರಿ ರೂಮಿನ ಅಡುಗೆ ಎಂದು ಹಂಚಿಕೊಳ್ಳಬಹುದು. ಖಾನಾವಳಿಯಲ್ಲೂ ಎರಡನೇ ಸಲ ಅನ್ನದ ಬದಲು ಎರಡನೇ ಸಲ ಕಾಳುಪಲ್ಯ ಕೇಳಿ. ‘ಇನ್ನಷ್ಟು ಪಲ್ಯ ಹಾಕ್ರಿ ಅಕ್ಕಾರ’ ಎಂದರೆ ಇಲ್ಲ ಎನ್ನುವವರು ಕಡಿಮೆ.

ಎಚ್ಚರ ತಪ್ಪಬಾರದ ಮೂರು ಜಾಗ

ಒಂದು, ಉಳಿದ ಅನ್ನ. ಬೇಯಿಸಿದ ಅನ್ನವನ್ನು ಹೊರಗೆ ಹಾಗೇ ಇಟ್ಟರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಫ್ರಿಜ್ ಇಲ್ಲದಿದ್ದರೆ ಒಂದು ಹೊತ್ತಿಗೆ ಬೇಕಾದಷ್ಟೇ ಅನ್ನ ಮಾಡಿ. ಒಬ್ಬರಿಗೆ 100 ಗ್ರಾಂ ಅಕ್ಕಿ ಧಾರಾಳವಾಯಿತು. ನಿಮ್ಮ ಲೋಟದಲ್ಲಿ ಅದು ಎಲ್ಲಿಗೆ ಬರುತ್ತದೆ ಎಂದು ಒಮ್ಮೆ ಅಂಗಡಿಯಲ್ಲಿ ತೂಗಿಸಿ ಗುರುತು ಹಾಕಿಕೊಳ್ಳಿ.

ಎರಡು, ಪ್ಲಗ್ಗು. ಇಂಡಕ್ಷನ್ ಒಲೆಗಳು 2,000 ವಾಟ್‌ವರೆಗೆ ವಿದ್ಯುತ್ ಎಳೆಯುತ್ತವೆ. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಸಾಕೆಟ್ ತಾಳಿಕೊಳ್ಳುವುದು ಸುಮಾರು 1,380 ವಾಟ್ ಮಾತ್ರ. ದೊಡ್ಡ ಮೂರು ಕಾಲಿನ 16 ಆಂಪಿಯರ್ ಸಾಕೆಟ್ ಇದೆಯೇ, ಅಡುಗೆಗೆ ಒಪ್ಪಿಗೆ ಇದೆಯೇ ಎಂದು ರೂಮಿನ ಮುಂಗಡ ಕೊಡುವ ಮೊದಲೇ ಮಾಲೀಕರನ್ನು ಕೇಳಿ.

ಮೂರು, ಗ್ಯಾಸ್. ಸಣ್ಣ ಸಿಲಿಂಡರಿಗೆ ಎಲ್ಲೋ ಗಲ್ಲಿಯಲ್ಲಿ ಕದ್ದುಮುಚ್ಚಿ ಗ್ಯಾಸ್ ತುಂಬಿಸಿಕೊಳ್ಳುವುದು ಜೀವಕ್ಕೆ ಅಪಾಯ. ತೈಲ ಕಂಪನಿಗಳದ್ದೇ 5 ಕೆ.ಜಿ. ಸಿಲಿಂಡರ್ ಗ್ಯಾಸ್ ಏಜೆನ್ಸಿಗಳಲ್ಲಿ ಸಿಗುತ್ತದೆ. ಅದಕ್ಕೆ ಸ್ಥಳೀಯ ವಿಳಾಸದ ದಾಖಲೆ ಬೇಕಿಲ್ಲ, ಗುರುತಿನ ಚೀಟಿ ಸಾಕು. ಹಚ್ಚುವ ಮುನ್ನ ಕಿಟಕಿ ತೆರೆದಿರಲಿ.

ಒಬ್ಬರೂ ಮನೆಯೇ

ಇಷ್ಟೆಲ್ಲ ಓದಿದ ಮೇಲೂ ‘ಇದಕ್ಕೆಲ್ಲ ಸಮಯ ಎಲ್ಲಿದೆ’ ಎನಿಸಬಹುದು. ಗಾಡಿಯ ಮುಂದೆ ನಿಂತು ಕಾಯುವ ಹೊತ್ತು, ಹೊಟ್ಟೆ ಕೆಟ್ಟು ಮಲಗಿದ ದಿನಗಳು, ಮಧ್ಯಾಹ್ನ ತೂಕಡಿಸಿ ಕಳೆದ ತಾಸುಗಳನ್ನು ಕೂಡಿಸಿ ನೋಡಿ. ಕುಕ್ಕರ್ ಮೂರು ಸೀಟಿ ಹೊಡೆಯುವಷ್ಟರಲ್ಲಿ ಒಂದು ದಿನದ ಪ್ರಚಲಿತ ವಿದ್ಯಮಾನ ಓದಿ ಮುಗಿಸಬಹುದು.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಫಲಿತಾಂಶದ ಪಟ್ಟಿಯಲ್ಲಿ ಹೆಸರು ಇಲ್ಲದ ದಿನ, ಊರಿಂದ ‘ಏನಾತು’ ಎಂಬ ಫೋನು ಬಂದ ದಿನ, ನಮ್ಮ ಕೈಯಲ್ಲಿ ಏನೂ ಇಲ್ಲ ಅನಿಸಿಬಿಡುತ್ತದೆ. ಅಂಥ ದಿನವೂ ಒಂದು ಬಿಸಿ ಊಟ ನಮ್ಮ ಕೈಯಲ್ಲೇ ಇರುತ್ತದೆ. ಊರಲ್ಲಿ ಶೇಂಗಾ, ಗೋವಿನಜೋಳ ಮಾರಿ ಅಪ್ಪ ಕಳಿಸುವ ದುಡ್ಡು ಪುಸ್ತಕಕ್ಕೆ, ಫೀಸಿಗೆ ಮಾತ್ರವಲ್ಲ, ನಾವು ಗಟ್ಟಿಯಾಗಿರಲಿ ಎಂದೂ ಬಂದಿರುತ್ತದೆ. ಮನೆಗೆ ಬಂದ ನೆಂಟರಿಗೆ ಅನ್ನ ಹಾಕದೆ ಕಳಿಸದ ನಾವು ನಮ್ಮನ್ನೇ ದಿನವೂ ಉಪವಾಸ ಮಲಗಿಸುವುದು ಯಾವ ನ್ಯಾಯ?

ಅಧಿಸೂಚನೆ ಯಾವಾಗ ಹೊರಡುತ್ತದೋ ಯಾರಿಗೂ ಗೊತ್ತಿಲ್ಲ. ನಾಳೆಯ ಹಸಿವು ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತದೆ. ಇವತ್ತು ರಾತ್ರಿ ಪುಸ್ತಕ ಮುಚ್ಚುವ ಮೊದಲು ಒಂದು ಮುಷ್ಟಿ ಮಡಕೆ ಕಾಳು ನೆನೆಹಾಕಿ ಮಲಗಿ. ಒಂದೇ ಮುಷ್ಟಿ, ಒಬ್ಬರಿಗೆ ಅಷ್ಟು ಸಾಕು.